ನಗರದ ಒಂಟಿತನ, ನಗರದ ಸಾವು: ಫೋಟೋ ಸರಣಿ ಮಾಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಒಂಟಿತನದ ಫೋಟೋ ಅಂದ ಕೂಡಲೇ ಹೆಚ್ಚಿನವರ ಕ್ಯಾಮೆರಾ ಹುಡುಕುವುದು ಒಂದೇ ದೃಶ್ಯವನ್ನು: ಪಾರ್ಕಿನ ಬೆಂಚು, ಅದರ ಮೇಲೆ ಬೆನ್ನು ಬಾಗಿಸಿ ಕೂತ ಒಬ್ಬ ಮುದುಕ, ಕಪ್ಪು-ಬಿಳುಪು. ಸಾವು ಅಂದರೆ ಚಿತೆಯ ಹೊಗೆ, ಇಲ್ಲವೇ ಬಾಡಿದ ಹಾರ. ಇಂಥ ಚಿತ್ರಗಳು ನೋಡುವವರಿಗೆ ಹೊಸದೇನನ್ನೂ ಹೇಳುವುದಿಲ್ಲ. ಎಷ್ಟೋ ಸಲ ಅವು ನಿಜವೂ ಅಲ್ಲ. ಬೆಂಚಿನ ಮೇಲಿನ ಆ ಅಜ್ಜ ಹೆಂಡತಿಯ ಜೊತೆ ವಾಕಿಂಗ್ ಬಂದು, ಆಕೆ ಕೊನೆಯ ಸುತ್ತು ಮುಗಿಸಲಿ ಎಂದು ನೆಮ್ಮದಿಯಾಗಿ ಕಾಯುತ್ತಿರಬಹುದು. ನಾವು ಅವರ ಮೇಲೆ ದುಃಖ ಹೊರಿಸಿ ಬಂದಿರುತ್ತೇವೆ.

ಈ ಬರಹ ಬೆಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಬೇರೆ ಊರಿನವರು ಜಾಗದ ಹೆಸರು ಬದಲಿಸಿಕೊಂಡರೆ ಸಾಕು. ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ನಗರದ ಒಂಟಿತನ ಕಣ್ಣಿಗೆ ಬೀಳುವುದು ಪಕ್ಕಪಕ್ಕದಲ್ಲೇ ನಿಂತ ಇಬ್ಬರ ನಡುವಿನ ಜಾಗದಲ್ಲಿ. ಸಾವು ಕಣ್ಣಿಗೆ ಬೀಳುವುದು ಅದು ಬಿಟ್ಟುಹೋದ ಸಾಮಾನಿನಲ್ಲಿ, ಉಳಿದವರ ತಲೆಗೆ ಬಿದ್ದ ಕೆಲಸಗಳಲ್ಲಿ. ಅಳುವ ಮುಖ, ಮಲಗಿದ ಹೆಣ ಎರಡನ್ನೂ ಬಿಟ್ಟು ಅಂತರ ಮತ್ತು ಗುರುತುಗಳ ಹಿಂದೆ ಹೋಗಬೇಕು. ಅದಕ್ಕೆ ಬೇಕಾದ ಜಾಗ, ಹೊತ್ತು, ಸೆಟ್ಟಿಂಗ್, ನಡತೆ ಒಂದೊಂದನ್ನೂ ನೋಡೋಣ.

ಮೊದಲು ಒಂದು ಜಾಗ ಗೊತ್ತು ಮಾಡಿಕೊಳ್ಳಿ

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೆಲ್ಲ ಸುತ್ತಿದರೆ ಈ ವಿಷಯ ಕೈಗೆ ಸಿಗುವುದಿಲ್ಲ. ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಮತ್ತೆ ಮತ್ತೆ ಹೋಗಿ. ಜರ್ಮನಿಯ ಫೋಟೋಗ್ರಾಫರ್ ಮೈಕೆಲ್ ವುಲ್ಫ್ ಟೋಕಿಯೊದ ರೈಲುಗಳಲ್ಲಿ ಇಕ್ಕಟ್ಟಾಗಿ ನಿಂತವರ ಹೆಸರಾಂತ ಸರಣಿ ಮಾಡಿದ್ದು ಶಿಮೊಕಿತಾಜಾವಾ ನಿಲ್ದಾಣದಲ್ಲಿ, ಬೆಳಗಿನ ಆಫೀಸ್ ಹೊತ್ತಿನಲ್ಲಿ. ಕಿಟಕಿ ಗಾಜಿಗೆ ಒತ್ತಿಕೊಂಡ ಕೆನ್ನೆ, ಗಾಜಿನ ಮೇಲೆ ಕೂತ ಉಸಿರಿನ ಹನಿ, ಮುಚ್ಚಿದ ಕಣ್ಣು. ಮೈಗೆ ಮೈ ತಾಗಿಸಿಕೊಂಡು ನಿಂತವರು, ಆದರೆ ಯಾರಿಗೆ ಯಾರೂ ಏನೂ ಅಲ್ಲ.

ಹಂಗೇರಿಯಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ನೆಲೆಸಿದ್ದ ಆಂಡ್ರೆ ಕೆರ್ಟೆಸ್ ಇನ್ನೂ ಚಿಕ್ಕ ಜಾಗದಲ್ಲಿ ಕೆಲಸ ಮಾಡಿದರು. 1977ರಲ್ಲಿ ಹೆಂಡತಿ ಎಲಿಜಬೆತ್ ತೀರಿಕೊಂಡಾಗ ಅವರಿಗೆ ಎಂಬತ್ತು ದಾಟಿತ್ತು. ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಕಂಡ ಒಂದು ಪುಟ್ಟ ಗಾಜಿನ ಬೊಂಬೆ, ಬರೀ ತಲೆ, ಕತ್ತು, ಭುಜ ಇದ್ದದ್ದು, ಅವರಿಗೆ ಎಲಿಜಬೆತ್‌ಳನ್ನು ನೆನಪಿಸಿತು. ಅದನ್ನು ತಂದು ತಮ್ಮ ಫ್ಲಾಟಿನ ಕಿಟಕಿ ಕಟ್ಟೆಯ ಮೇಲಿಟ್ಟು, ತೆಗೆದ ಕೂಡಲೇ ಪ್ರಿಂಟ್ ಕೊಡುವ ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ದಿನದ ಬೇರೆ ಬೇರೆ ಬೆಳಕಿನಲ್ಲಿ ತೆಗೆಯುತ್ತ ಹೋದರು. ಬೊಂಬೆಯ ಗಾಜಿನೊಳಗೆ ಹೊರಗಿನ ನಗರ ಡೊಂಕಾಗಿ ಕಾಣುತ್ತದೆ. ನಗರ, ಒಂಟಿತನ, ಸಾವು ಮೂರೂ ಒಂದು ಕಿಟಕಿಯಲ್ಲಿ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಮನೆ ಬಿಟ್ಟು ಹೋಗಲಾಗದವರೂ ಈ ಕೆಲಸ ಮಾಡಬಹುದು ಅನ್ನುವುದಕ್ಕೆ ಅದು ಸಾಕ್ಷಿ.

ಬೆಂಗಳೂರಿನಲ್ಲಿ ಎಲ್ಲಿ? ನೀವು ಹೇಗೂ ದಿನವೂ ಹಾದುಹೋಗುವ ಜಾಗವೇ ಒಳ್ಳೆಯದು. ಮೆಜೆಸ್ಟಿಕ್ ಬಸ್ ನಿಲ್ದಾಣವನ್ನೇ ತೆಗೆದುಕೊಳ್ಳಿ. ಅದು ಇರುವುದು ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಸತ್ತ ಕೆರೆಯ ಮೇಲೆ ಇಡೀ ರಾಜ್ಯದ ಜನ ಇಳಿದು ಹತ್ತುತ್ತಾರೆ. ಪಿಜಿಗಳು ಸಾಲುಗಟ್ಟಿದ ಗಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಎದುರಿನ ಮೊಗಸಾಲೆ, ಆಫೀಸ್ ಹತ್ತಿರದ ದರ್ಶಿನಿ, ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನಗಳು, ವಿಲ್ಸನ್ ಗಾರ್ಡನ್ ಚಿತಾಗಾರದ ಹೊರಗಿನ ರಸ್ತೆ. ಇವುಗಳಲ್ಲಿ ಒಂದೋ ಎರಡೋ ಸಾಕು. ಮೊದಲ ವಾರ ಕ್ಯಾಮೆರಾ ಇಲ್ಲದೆ ಹೋಗಿ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಎಷ್ಟು ಗಂಟೆಗೆ ಜನ ತುಂಬುತ್ತಾರೆ, ಯಾರು ದಿನವೂ ಅಲ್ಲೇ ಇರುತ್ತಾರೆ ಎಂಬುದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳಿ. ಟೀ ಅಂಗಡಿಯವರು, ಸೆಕ್ಯೂರಿಟಿಯವರು ನಿಮ್ಮ ಮುಖ ಗುರುತಿಟ್ಟುಕೊಳ್ಳುತ್ತಾರೆ. ಕ್ಯಾಮೆರಾ ತಂದ ದಿನ ಆ ಪರಿಚಯವೇ ನಿಮ್ಮ ಅರ್ಧ ಕೆಲಸ ಮಾಡಿರುತ್ತದೆ.

ಕೈಯಲ್ಲಿ ಏನಿರಬೇಕು

ಇರುವ ಕ್ಯಾಮೆರಾ ಸಾಕು. ಹೊಸದು ಕೊಳ್ಳುವುದಾದರೆ 35 ಎಂಎಂ ಲೆನ್ಸ್ ಒಂದು. ಜನರನ್ನೂ ಅವರ ಸುತ್ತಲಿನ ಜಾಗವನ್ನೂ ಒಟ್ಟಿಗೆ ಹಿಡಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಉದ್ದದ ಜೂಮ್ ಲೆನ್ಸ್ ಮನೆಯಲ್ಲೇ ಬಿಡಿ. ರಸ್ತೆಯಾಚೆಯಿಂದ ಎಳೆದು ತೆಗೆದ ಚಿತ್ರದಲ್ಲಿ ಹಿನ್ನೆಲೆ ಕರಗಿ, ನಗರವೇ ಮಾಯವಾಗುತ್ತದೆ. ಕದ್ದು ತೆಗೆದದ್ದೂ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ತೆಗೆಯುವವರು ಎರಡು ಸಂಗತಿ ನೆನಪಿಡಬೇಕು. ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ, ಕತ್ತಲನ್ನು ತೊಳೆದು, ಓಡಾಡುವವರನ್ನು ಅಚ್ಚುಕಟ್ಟು ಮಾಡಿಬಿಡುತ್ತದೆ. ಎಚ್‌ಡಿಆರ್ ನೆರಳಿನೊಳಗಿನದನ್ನೆಲ್ಲ ಎಳೆದು ತೋರಿಸುತ್ತದೆ. ನಮಗೆ ಬೇಕಿರುವುದೇ ಆ ಕತ್ತಲು. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ ಎರಡನ್ನೂ ಆಫ್ ಮಾಡಿ, ಪರದೆಯ ಮೇಲೆ ಬೆರಳಿಟ್ಟು ಬೆಳಕನ್ನು ಒಂದು ಹಂತ ಇಳಿಸಿಕೊಳ್ಳಿ.

ಇನ್ನೊಂದು ಮಾತು, ಇದರಲ್ಲಿ ಬಹಳ ಜನ ತೊಂದರೆಪಡುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಆದರೆ ಸದ್ದು ಮಾಡದ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್‌ನಲ್ಲಿ ವೇಗ 1/250 ಸೆಕೆಂಡ್ ಇಟ್ಟು ತೆಗೆದರೆ ಚಿತ್ರದ ತುಂಬ ಅಡ್ಡ ಪಟ್ಟೆಗಳು ಬೀಳುತ್ತವೆ. ಅಂಡರ್‌ಪಾಸ್, ಬಸ್ ನಿಲ್ದಾಣ, ಆಸ್ಪತ್ರೆ ಎದುರಿನ ಮೆಡಿಕಲ್ ಅಂಗಡಿ ಇಂಥ ಕಡೆ ಶಟರ್ ವೇಗ 1/50 ಅಥವಾ 1/100 ಇರಲಿ, ಸಾಧ್ಯವಿದ್ದರೆ ಮೆಕ್ಯಾನಿಕಲ್ ಶಟರ್ ಬಳಸಿ.

ಅಂತರವನ್ನು ಹಿಡಿಯುವುದು

ದರ್ಶಿನಿಯ ನಿಂತು ತಿನ್ನುವ ಮೇಜಿನಿಂದ ಶುರು ಮಾಡಿ. ಬೆಳಗ್ಗೆ ಎಂಟೂವರೆ, ಒಂದೇ ದುಂಡು ಮೇಜಿಗೆ ಮೂವರು ಅಪರಿಚಿತರು. ಇಡ್ಲಿ-ವಡೆ ತಟ್ಟೆ ಒಂದಕ್ಕೊಂದು ತಾಗುವಷ್ಟು ಹತ್ತಿರ, ಒಬ್ಬರ ಮೊಣಕೈ ಇನ್ನೊಬ್ಬರ ಕಾಫಿ ಲೋಟಕ್ಕೆ ತಗುಲೀತು ಅನ್ನುವಷ್ಟು. ಆದರೆ ಮೂವರ ಕಣ್ಣೂ ಮೂರು ದಿಕ್ಕಿಗೆ. ಇಲ್ಲಿ ಮುಖ ಬೇಡ. ಕ್ಯಾಮೆರಾ ಮೇಜಿನ ಮಟ್ಟಕ್ಕೆ ಇಳಿಸಿ, ತಟ್ಟೆಗಳ ನಡುವಿನ ಖಾಲಿ ಜಾಗವನ್ನೇ ಫ್ರೇಮಿನ ನಡುವೆ ಇಡಿ. ಫೋಕಸ್ಸೂ ಅಲ್ಲಿಗೇ. ಮನುಷ್ಯರು ಅಂಚಿಗೆ ಸರಿಯಲಿ, ಅರ್ಧ ತುಂಡಾಗಲಿ. ಕೈ, ಕೈಗಡಿಯಾರ, ಐಡಿ ಕಾರ್ಡಿನ ದಾರ ಕಂಡರೆ ಸಾಕು. ಎಫ್/5.6 (ಲೆನ್ಸಿನ ಕಿಂಡಿಯ ಅಳತೆ), 1/100 (ಶಟರ್ ವೇಗ), ಐಎಸ್‌ಒ 800ರಿಂದ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವುದು) ಶುರು ಮಾಡಿ ಬೆಳಕಿಗೆ ತಕ್ಕಂತೆ ಹೊಂದಿಸಿಕೊಳ್ಳಿ.

ನಡುವಿನ ಖಾಲಿ ಜಾಗವನ್ನು ಚಿತ್ರದ ನಡುವೆ ಇಡುವ ಈ ಒಂದೇ ಸೂತ್ರವನ್ನು ಎಲ್ಲ ಕಡೆಯೂ ಪ್ರಯೋಗಿಸಬಹುದು. ಲಿಫ್ಟಿನೊಳಗೆ ನಿಂತ ಇಬ್ಬರ ಚಪ್ಪಲಿಗಳ ನಡುವಿನ ನೆಲ. ಬಸ್ಸಿನ ಸೀಟಿನಲ್ಲಿ ಕೂತ ಇಬ್ಬರ ಭುಜಗಳ ನಡುವಿನ ಬೆರಳಗಲ ಸಂದು. ಎದುರು ಬದುರು ಫ್ಲಾಟಿನ ಎರಡು ಮುಚ್ಚಿದ ಬಾಗಿಲು, ಒಂದರ ಮುಂದೆ ರಂಗೋಲಿ, ಇನ್ನೊಂದರ ಮುಂದೆ ಡೆಲಿವರಿ ಡಬ್ಬ.

ಪಿಜಿ ಕೋಣೆಗಳಲ್ಲಿ ಬೇರೆಯದೇ ಚಿತ್ರ ಸಿಗುತ್ತದೆ. ರಾಯಚೂರಿನಿಂದ, ಹಾಸನದಿಂದ, ಒಡಿಶಾದಿಂದ ಬಂದ ಹುಡುಗರು, ಹುಡುಗಿಯರು ಒಂದೇ ಕೋಣೆಯಲ್ಲಿ ಮೂವರು. ರಾತ್ರಿ ಊಟದ ಹೊತ್ತಿಗೆ ನೋಡಿ: ಮಂಚದ ಮೇಲೆ ಸ್ಟೀಲ್ ತಟ್ಟೆ, ಅದರ ಮುಂದೆ ನೀರಿನ ಬಾಟಲಿ, ಬಾಟಲಿಗೆ ಒರಗಿಸಿಟ್ಟ ಮೊಬೈಲು. ಊಟಕ್ಕೆ ಜೊತೆ ಆ ಮೊಬೈಲೇ. ಪರಿಚಯದವರ ಕೋಣೆಯಾಗಿರಬೇಕು, ಕೋಣೆಯ ಎಲ್ಲರ ಒಪ್ಪಿಗೆಯೂ ಇರಬೇಕು. ಮೊದಲ ಹತ್ತು ನಿಮಿಷ ಎಲ್ಲರೂ ಕ್ಯಾಮೆರಾಕ್ಕೆಂದೇ ಊಟ ಮಾಡುತ್ತಾರೆ, ಆ ಹೊತ್ತು ಕಳೆಯಲಿ. ಕೋಣೆಯ ದೀಪ ಆರಿಸಲು ಹೇಳಿ, ಮೊಬೈಲಿನ ಬೆಳಕಷ್ಟೇ ಮುಖದ ಮೇಲೆ ಬೀಳಲಿ. ಎಫ್/2, 1/60, ಐಎಸ್‌ಒ 3200. ಕಾಳುಕಾಳಾಗಿ ಬಂದರೆ ಬರಲಿ.

ಅಪಾರ್ಟ್‌ಮೆಂಟ್ ಗೋಪುರಗಳನ್ನು ಸೂರ್ಯ ಮುಳುಗಿದ ಇಪ್ಪತ್ತು ನಿಮಿಷದೊಳಗೆ ತೆಗೆಯಿರಿ. ಆಕಾಶದ ನೀಲಿಯೂ ಕಿಟಕಿಯ ಹಳದಿಯೂ ಸರಿಸಮನಾಗಿರುವ ಹೊತ್ತು ಅದು. ಇಡೀ ಗೋಡೆ ಬರಲಿ, ಒಂದು ಕಿಟಕಿಗೆ ಹಿಗ್ಗಿಸಬೇಡಿ. ಅದು ಬೇರೆಯವರ ಮನೆ.

ಗುಂಪು ಹೊಗೆಯಾಗುವ ಬಗೆ

ಸೋವಿಯತ್ ಒಕ್ಕೂಟ ಕುಸಿದ ಹೊತ್ತಿಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫೋಟೋಗ್ರಾಫರ್ ಅಲೆಕ್ಸಿ ಟಿಟರೆಂಕೊ ಒಂದು ಕೆಲಸ ಮಾಡಿದರು. ಮೆಟ್ರೊ ನಿಲ್ದಾಣದ ಮೆಟ್ಟಿಲ ಮೇಲೆ ನುಗ್ಗುವ ಜನರನ್ನು ಬಹಳ ಹೊತ್ತು ಶಟರ್ ತೆರೆದಿಟ್ಟು ತೆಗೆದರು. ಚಿತ್ರದಲ್ಲಿ ಜನ ಹೊಗೆಯಾಗಿದ್ದಾರೆ. ಮುಖ ಒಂದೂ ಇಲ್ಲ. ಕಂಬಿ ಹಿಡಿದ ಕೈಗಳು ಮಾತ್ರ ಅಲ್ಲಲ್ಲಿ ಸ್ಪಷ್ಟವಾಗಿ ಉಳಿದಿವೆ, ಕೈ ಒಂದು ಕ್ಷಣ ಅಲ್ಲಿ ನಿಂತಿತ್ತಲ್ಲ, ಅದಕ್ಕೆ. ಬಡತನದಲ್ಲಿ, ಗೊಂದಲದಲ್ಲಿ ಕರಗಿಹೋಗುತ್ತಿದ್ದ ಊರನ್ನು ತೋರಿಸಲು ಅವರು ಕಂಡುಕೊಂಡ ದಾರಿ ಅದು. ಒಂಟಿತನ ಮತ್ತು ಅಳಿವು ಎರಡನ್ನೂ ಒಟ್ಟಿಗೆ ಹೇಳುವ ತಂತ್ರ ಇದೇ, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಾಗ: ಮೆಜೆಸ್ಟಿಕ್‌ನ ಪಾದಚಾರಿ ಮೇಲ್ಸೇತುವೆ, ಕೆ.ಆರ್. ಮಾರುಕಟ್ಟೆಯ ಅಂಡರ್‌ಪಾಸ್ ಮೆಟ್ಟಿಲು, ದೊಡ್ಡ ಜಂಕ್ಷನ್ನಿನ ಸ್ಕೈವಾಕ್. ಮೆಟ್ರೊ ನಿಲ್ದಾಣದೊಳಗೆ ಟ್ರೈಪಾಡ್, ದೊಡ್ಡ ಕ್ಯಾಮೆರಾ ತೆಗೆದರೆ ಸೆಕ್ಯೂರಿಟಿಯವರು ತಡೆಯುತ್ತಾರೆ. ಅಲ್ಲಿ ತೆಗೆಯಲೇಬೇಕಿದ್ದರೆ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಹೊತ್ತು: ಸಂಜೆ ಆರೂವರೆಯಿಂದ ಏಳೂವರೆ.

ಐಎಸ್‌ಒ 100, ಎಫ್/11 ಇಟ್ಟರೆ ಆ ಬೆಳಕಿನಲ್ಲಿ ಶಟರ್ ತಾನಾಗಿಯೇ ಅರ್ಧ ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಇಲ್ಲಿ ವೇಗದಿಂದ ವೇಗಕ್ಕೆ ಅರ್ಥವೇ ಬದಲಾಗುತ್ತದೆ. 1/15ರಲ್ಲಿ ನಡೆಯುವವರ ಕಾಲು ಮಾತ್ರ ಕಲಸಿಹೋಗುತ್ತದೆ, ಮೈ ಗುರುತು ಹಿಡಿಯಬಹುದು, ಅವಸರ ಕಾಣುತ್ತದೆ. 1/4ರಲ್ಲಿ ಮುಖ ಹೋಗುತ್ತದೆ, ಬಟ್ಟೆಯ ಬಣ್ಣ ಉಳಿಯುತ್ತದೆ. ಒಂದೆರಡು ಸೆಕೆಂಡಿಗೆ ಹೋದರೆ ಎಲ್ಲರೂ ಹೊಗೆ. ಆಗ ಕದಲದೆ ನಿಂತವರು ಯಾರಿದ್ದಾರೋ ಅವರಷ್ಟೇ ಚಿತ್ರದಲ್ಲಿ ಮನುಷ್ಯರಾಗಿ ಉಳಿಯುತ್ತಾರೆ. ಹೂ ಕಟ್ಟುತ್ತ ಕೂತ ಅಮ್ಮ, ಬ್ಯಾಗಿನ ಮೇಲೆ ಕೂತು ಬಸ್ಸಿಗೆ ಕಾಯುವ ಹುಡುಗ, ಇಯರ್‌ಫೋನ್ ಮಾರುವವರು. ಅವರ ಪಕ್ಕ ನಿಂತು ಮಾತಾಡಿಸಿ, ಏನು ಮಾಡುತ್ತಿದ್ದೀರಿ ಎಂದು ಹೇಳಿ, ಮೊದಲ ಚಿತ್ರವನ್ನು ಪರದೆಯಲ್ಲಿ ತೋರಿಸಿ. ತಾವೊಬ್ಬರೇ ಉಳಿದು ಮಿಕ್ಕವರೆಲ್ಲ ಕರಗಿದ್ದನ್ನು ನೋಡಿ ಹೆಚ್ಚಿನವರು ಬೆರಗಾಗುತ್ತಾರೆ. ಆಮೇಲೆ ಅವರೇ ಕದಲದೆ ಕೂರುತ್ತಾರೆ.

ಟ್ರೈಪಾಡ್ ಇಡಲು ಜಾಗವಿಲ್ಲದಿದ್ದರೆ ಸೇತುವೆಯ ಕಂಬಿಯ ಮೇಲೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, 2 ಸೆಕೆಂಡಿನ ಟೈಮರ್ ಹಾಕಿ. ಬಸ್ಸು ಹೋದಾಗ ಸೇತುವೆ ನಡುಗುತ್ತದೆ, ಅದು ನಿಲ್ಲುವವರೆಗೆ ಕಾಯಿರಿ. ಹಗಲಿನಲ್ಲಿ ಮಾಡುವುದಾದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಎನ್‌ಡಿ64 ಫಿಲ್ಟರ್ ಬೇಕು, ಅದು ಬೆಳಕನ್ನು ಆರು ಸ್ಟಾಪ್ ತಗ್ಗಿಸುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ).

ಸಾವು ಬಿಟ್ಟುಹೋದದ್ದು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಮೂಲೆಯ ಕರೆಂಟ್ ಕಂಬಕ್ಕೆ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿರುತ್ತಾರೆ. ಹತ್ತಿರ ಹೋಗಿ ನೋಡಿ. ಸಾಯುವ ಮೊದಲು ಆ ಮನುಷ್ಯ ಒಬ್ಬರೇ ನಿಂತು ತೆಗೆಸಿಕೊಂಡ ಒಳ್ಳೆಯ ಫೋಟೋ ಇರುವುದಿಲ್ಲ. ಯಾವುದೋ ಮದುವೆಯ ಗುಂಪಿನ ಚಿತ್ರದಿಂದಲೋ, ಆಧಾರ್ ಕಾರ್ಡಿನಿಂದಲೋ ಮುಖ ಕತ್ತರಿಸಿ ತೆಗೆದಿರುತ್ತಾರೆ. ಹೆಗಲ ಮೇಲೆ ಇನ್ಯಾರದೋ ನಾಲ್ಕು ಬೆರಳು ಹಾಗೇ ಉಳಿದಿರುತ್ತದೆ. ಹಿಂದೆ ನೀಲಿ ಆಕಾಶ, ಮೋಡ, ಎರಡು ದೀಪ. ಕೆಳಗೆ ಜನನ, ಮರಣದ ತಾರೀಕು, ದುಃಖತಪ್ತರ ಸಾಲು. ಆ ಕೆಳಗೇ ಪಾನಿಪುರಿ ಗಾಡಿ, ಪಾರ್ಕ್ ಮಾಡಿದ ಸ್ಕೂಟರು. ಮಳೆಗೆ ಬಣ್ಣ ಬಿಡುತ್ತ, ಒಂದು ಕಡೆಯ ಹಗ್ಗ ಕಿತ್ತು ಅದು ಜೋತುಬೀಳುವವರೆಗೆ ಅದೇ ಕೋನದಿಂದ ವಾರಕ್ಕೊಂದು ಚಿತ್ರ ತೆಗೆಯಿರಿ. ನಿಂತ ಜಾಗಕ್ಕೆ ಚಾಕ್‌ಪೀಸ್ ಗುರುತು ಹಾಕಿಕೊಂಡರೆ ಕೋನ ತಪ್ಪುವುದಿಲ್ಲ. ಮುಖ, ಹೆಸರು, ಫೋನ್ ನಂಬರ್ ಓದಲು ಬರುವಂತಿದ್ದರೆ ಪ್ರಕಟಿಸುವಾಗ ಮರೆಮಾಡಿ, ಇಲ್ಲವೇ ಮುಂದೆ ಬಸ್ಸೊಂದು ಹಾದುಹೋಗುವಾಗ 1/15ರಲ್ಲಿ ತೆಗೆದು ಅದರಿಂದಲೇ ಮರೆಮಾಡಿಸಿ.

ಮೆರವಣಿಗೆ ಹೋದ ಮೇಲೆ ರಸ್ತೆಯಲ್ಲಿ ಉಳಿಯುವುದನ್ನೂ ಗಮನಿಸಿ. ಚೆಂಡುಹೂವಿನ ಎಸಳು, ಕಡಲೆಪುರಿ, ಒಂದೆರಡು ನಾಣ್ಯ. ತಮಟೆ ಸದ್ದು ಮುಂದಿನ ತಿರುವಿನಲ್ಲಿ ಇನ್ನೂ ಕೇಳುತ್ತಿರುತ್ತದೆ, ಇಲ್ಲಿ ಆಗಲೇ ಬೈಕುಗಳು ಅದರ ಮೇಲೆ ಹೋಗುತ್ತಿರುತ್ತವೆ. ಕುಕ್ಕರಗಾಲಲ್ಲಿ ಕೂತು, 28 ಅಥವಾ 35 ಎಂಎಂನಲ್ಲಿ ನೆಲದಿಂದ ಒಂದಡಿ ಎತ್ತರದಲ್ಲಿ ಕ್ಯಾಮೆರಾ ಇಟ್ಟು ತೆಗೆಯಿರಿ. ಹೂವು ಸ್ಪಷ್ಟ, ಟೈರು ಕಲಸಿದ್ದು. ರಸ್ತೆಯಲ್ಲಿ ಕೂರುವಾಗ ಹಿಂದೆ ನೋಡಿಕೊಳ್ಳಲು ಒಬ್ಬರು ಜೊತೆಗಿರಲಿ. ಸಾವಿನ ಮನೆಯ ಮುಂದೆ ಬಾಡಿಗೆ ಶಾಮಿಯಾನ, ಒಂದರೊಳಗೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ, ಹೊಸಿಲಾಚೆ ಚಪ್ಪಲಿ ರಾಶಿ, ಉರಿಯುವ ಕೊರಡು. ಇವೆಲ್ಲ ಬೀದಿಯಲ್ಲೇ ಇರುತ್ತವೆ ನಿಜ. ಆದರೂ ಅವತ್ತೇ ತೆಗೆಯಬೇಡಿ. ಮರುದಿನ ಶಾಮಿಯಾನದವರು ಬಂದು ಕುರ್ಚಿ ಎಣಿಸಿ ಗಾಡಿಗೆ ಹಾಕುವಾಗ ತೆಗೆಯಿರಿ, ಅದೇ ಹೆಚ್ಚು ಹೇಳುತ್ತದೆ.

ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ಭಾನುವಾರ ಬೆಳಗ್ಗೆ ಹಳೇ ಸಾಮಾನು ಹರಡಿಕೊಂಡು ಕೂರುತ್ತಾರೆ. ಯಾರದೋ ಕನ್ನಡಕ, ಹಳೇ ಆಲ್ಬಮ್ಮು, ಚೌಕಟ್ಟು ಸಮೇತ ಗ್ರೂಪ್ ಫೋಟೋ. ಒಂದು ಮನೆ ಖಾಲಿಯಾದ ಗುರುತು ಇವು. ಸುಮ್ಮನೆ ಕ್ಲಿಕ್ಕಿಸಿ ಹೋಗದೆ ಒಂದು ಸಾಮಾನಾದರೂ ಕೊಂಡುಕೊಳ್ಳಿ.

ಒಂಟಿತನವೂ ಸಾವೂ ನಮ್ಮ ಕಾಲದಲ್ಲಿ ಒಂದಾಗಿ ಕಂಡದ್ದು ಕೋವಿಡ್ ಎರಡನೇ ಅಲೆಯಲ್ಲಿ. 2021ರ ಏಪ್ರಿಲ್-ಮೇ ತಿಂಗಳಲ್ಲಿ ಊರಿನ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸ್ ಸಾಲು ನಿಂತಿತು, ತಾವರೆಕೆರೆ ಹತ್ತಿರದ ಗಿಡ್ಡೇನಹಳ್ಳಿಯ ಬಯಲಲ್ಲಿ ತಾತ್ಕಾಲಿಕವಾಗಿ ಚಿತೆಗಳು ಉರಿದವು. ಜೂನ್‌ನಲ್ಲಿ, ಯಾರೂ ಬಂದು ತೆಗೆದುಕೊಂಡು ಹೋಗದ ನೂರಾರು ಮಂದಿಯ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಟ್ಟಿತು. ಆಗ ಬಂದ ಉರಿಯುವ ಚಿತೆಗಳ ಚಿತ್ರಗಳಿಗಿಂತ, ಸಾಲಾಗಿ ಕಾದಿದ್ದ ಮಡಕೆಗಳು ನನ್ನ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ಕೂತಿವೆ.

ಸ್ವಂತ ಮನೆಯಲ್ಲಿ ಸಾವಾಗಿದ್ದರೆ ನಿಮಗೆ ಇರುವಷ್ಟು ಹಕ್ಕು ಇನ್ನಾರಿಗೂ ಇಲ್ಲ. ಆದರೆ ಅವಸರ ಬೇಡ. ಹತ್ತರಲ್ಲಿ ಆರು ಮಾತ್ರೆ ಖಾಲಿಯಾಗಿ ನಾಲ್ಕು ಉಳಿದ ಸ್ಟ್ರಿಪ್ಪು, ಕುರ್ಚಿಯ ಬೆನ್ನಿಗೆ ತಲೆ ತಾಗಿ ತಾಗಿ ಎಣ್ಣೆಗಪ್ಪಾದ ಜಾಗ, ಗೋಡೆಯ ಫೋಟೋದ ಮೇಲಿನ ಪುಟ್ಟ ಕೆಂಪು ಬಲ್ಬು, ಇನ್ನೂ ಮೆಸೇಜು ಬರುತ್ತಿರುವ ಮೊಬೈಲು. ಫ್ಲ್ಯಾಶ್ ಬೇಡ. ಕಿಟಕಿಯ ಪಕ್ಕದ ಬೆಳಕು ಒಂದು ಕಡೆಯಿಂದ ಬೀಳಲಿ, ಎಫ್/4, 1/60, ಐಎಸ್‌ಒ 800. ಬಿಳಿ ಗೋಡೆ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿ. ಸಾಮಾನನ್ನು ಅಂದವಾಗಿ ಜೋಡಿಸಬೇಡಿ. ಎಲ್ಲಿತ್ತೋ ಅಲ್ಲೇ ಇರಲಿ.

ಸ್ಮಶಾನಕ್ಕೆ ಹೋಗುವ ದಿನಗಳು

ಶವಸಂಸ್ಕಾರದ ದಿನ ಅಪರಿಚಿತರ ಜೊತೆ ಸ್ಮಶಾನದೊಳಗೆ ಕ್ಯಾಮೆರಾ ಒಯ್ಯುವುದು ಬೇಡವೇ ಬೇಡ. ಸತ್ತವರನ್ನು ನೆನೆಯುವ ದಿನಗಳಂದು ಹೋಗಿ. ನವೆಂಬರ್ 2, ಸಕಲ ಆತ್ಮಗಳ ದಿನ. ಅದಕ್ಕೂ ಮುಂಚಿನ ವಾರದಿಂದಲೇ ಹೊಸೂರು ರಸ್ತೆಯ ಸ್ಮಶಾನಗಳಲ್ಲಿ ಮನೆಮಂದಿ ಬಂದು ಸಮಾಧಿಯ ಮೇಲಿನ ಹುಲ್ಲು ಕಿತ್ತು, ಸುಣ್ಣ ಬಳಿದು, ಅಕ್ಷರಗಳಿಗೆ ಹೊಸ ಬಣ್ಣ ತುಂಬುತ್ತಾರೆ. ಸಂಜೆ ಮೇಣದ ಬತ್ತಿ. ಅದರ ಪಕ್ಕದಲ್ಲೇ ಯಾರೂ ಬಾರದ ಸಮಾಧಿಗಳು ಕತ್ತಲಲ್ಲಿರುತ್ತವೆ. ಎರಡೂ ಒಂದೇ ಫ್ರೇಮಿನಲ್ಲಿ ಬರುವಂತೆ ನಿಲ್ಲಿ. ಶಬ್-ಎ-ಬರಾತ್ ರಾತ್ರಿ ಖಬರಸ್ತಾನಗಳಲ್ಲಿ ದೀಪ, ಹೂವು, ಪ್ರಾರ್ಥನೆ ಇರುತ್ತದೆ, ಅಲ್ಲಿಯ ಹಿರಿಯರನ್ನು ಮೊದಲೇ ಕಂಡು ಕೇಳಿ. ಮಹಾಲಯ ಅಮಾವಾಸ್ಯೆಗೆ ಹಳೇ ಮೈಸೂರು ಕಡೆಯ ಮನೆಗಳಲ್ಲಿ ಎಡೆ ಇಡುತ್ತಾರೆ: ಹೊಸ ಪಂಚೆ, ಸೀರೆ, ಸತ್ತವರಿಗೆ ಇಷ್ಟವಾಗಿದ್ದ ತಿಂಡಿ. ಬೀಡಿ ಸೇದುತ್ತಿದ್ದವರಿಗೆ ಒಂದು ಕಟ್ಟು ಬೀಡಿಯೂ ಇರುತ್ತದೆ. ಬಾಡಿಗೆ ಮನೆಯ ಅಡುಗೆಕೋಣೆ ಮೂಲೆಯಲ್ಲಿ, ಗ್ಯಾಸ್ ಸಿಲಿಂಡರ್ ಪಕ್ಕ ಇಟ್ಟ ಎಡೆಯ ಚಿತ್ರ ಒಂದು ಸಾಕು, ಊರು ಬಿಟ್ಟು ಬಂದವರ ಕತೆ ಹೇಳಲು.

ಹೆಣ ಸುಡುವ, ಗುಂಡಿ ತೋಡುವ ಕೆಲಸದವರನ್ನು ತೆಗೆಯಬೇಕೆಂದಿದ್ದರೆ ಪಾಲಿಕೆ ಕಚೇರಿಯ ಅನುಮತಿಯ ಜೊತೆಗೆ ಅವರ ಅನುಮತಿಯೂ ಬೇಕು, ಎರಡನೆಯದೇ ಮುಖ್ಯ. ಹಲವರು ತಮ್ಮ ಮಕ್ಕಳ ಶಾಲೆಯಲ್ಲಿ ಈ ಕೆಲಸದ ಮಾತು ಎತ್ತುವುದಿಲ್ಲ. "ಅಣ್ಣ, ಮುಖ ಬರದ ಹಾಗೆ ತೆಗೀಲಾ?" ಅಂತ ನೀವಾಗಿಯೇ ಕೇಳಿ. ಹಾರೆ, ಗುದ್ದಲಿ, ಬೂದಿ ಮೆತ್ತಿದ ಅಂಗೈ, ಅವರು ಊಟ ಮಾಡುವ ಕಟ್ಟೆ, ಹೆಸರು ಬರೆಯುವ ರಿಜಿಸ್ಟರಿನ ಮುಚ್ಚಿದ ರಟ್ಟು.

ಕೇಳುವುದು, ಬಿಡುವುದು

ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕ್ ಸಬ್‌ವೇಯಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು ಎದುರು ಕೂತವರ ಚಿತ್ರ ತೆಗೆದರು. ಅವು ಪುಸ್ತಕವಾಗಿ ಬಂದದ್ದು 1966ರಲ್ಲಿ. ಇವತ್ತು ನಾವು ತೆಗೆದದ್ದನ್ನು ಐದೇ ನಿಮಿಷದಲ್ಲಿ ಇನ್‌ಸ್ಟಾಗ್ರಾಂಗೆ ಹಾಕುತ್ತೇವೆ, ಚಿತ್ರದಲ್ಲಿರುವವರ ತಂಗಿ ಅದನ್ನು ಅದೇ ಸಂಜೆ ನೋಡಬಹುದು. ಹಾಗಾಗಿ ಕದ್ದು ತೆಗೆಯುವ ಹಳೆಯ ಶೈಲಿ ನಮಗೆ ಸಲ್ಲದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಯಾರೂ ನೋಡುತ್ತಿಲ್ಲ ಎಂದು ನಂಬಿರುವ ಹೆಣ್ಣುಮಗಳ ಖಾಸಗಿ ಕ್ಷಣದ ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ತಡೆಯುತ್ತದೆ. ಕಾನೂನಿನಾಚೆಗೂ ನಾನು ಪಾಲಿಸುವ ಕೆಲವು ಇವೆ. ಫುಟ್‌ಪಾತಿನಲ್ಲಿ ಮಲಗಿದವರನ್ನು ತೆಗೆಯುವುದಿಲ್ಲ, ನಿದ್ದೆಯಲ್ಲಿರುವವರನ್ನು ಕೇಳಲಾಗದು. ಅಪಘಾತದ ಜಾಗದಲ್ಲಿ ಕ್ಯಾಮೆರಾ ಚೀಲದೊಳಗೆ. ಆಸ್ಪತ್ರೆಯ ಗೇಟಿನ ಹೊರಗೆ ಎಕ್ಸ್-ರೇ ಕವರು, ಫ್ಲಾಸ್ಕು ಹಿಡಿದು ಕೂತವರ ಹತ್ತಿರ ಮೊದಲು ಕೂತು ಮಾತಾಡುತ್ತೇನೆ, ಚಿತ್ರ ಆಮೇಲೆ, ಅವರು ಒಪ್ಪಿದರೆ.

ಈ ವಿಷಯದ ಜೊತೆ ತಿಂಗಳುಗಟ್ಟಲೆ ಇದ್ದರೆ ಮನಸ್ಸು ಭಾರವಾಗುವುದು ಸಹಜ. ಈಚೆಗೆ ಯಾರನ್ನಾದರೂ ಕಳೆದುಕೊಂಡವರು ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ. ಊಟ, ನಿದ್ದೆ ಕೆಡುತ್ತಿದ್ದರೆ ಸರಣಿ ನಿಲ್ಲಿಸಿ, ಯಾರ ಜೊತೆಯಾದರೂ ಮಾತಾಡಿ. ಟೆಲಿ-ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಬಣ್ಣ ತೆಗೆಯಬೇಡಿ

ಚಿತ್ರ ಸಪ್ಪೆಯಾಗಿದೆ ಅನ್ನಿಸಿದಾಗ ಕಪ್ಪು-ಬಿಳುಪಿಗೆ ತಿರುಗಿಸುವುದು ಸುಲಭದ ದಾರಿ. ನಮ್ಮ ಊರಿನ ಮಟ್ಟಿಗೆ ಅದು ಸುಳ್ಳು ಕೂಡ. ನಮ್ಮಲ್ಲಿ ಸಾವು ಬಣ್ಣದ್ದು: ಚೆಂಡುಹೂವಿನ ಕಿತ್ತಳೆ, ಕುಂಕುಮ, ಗುಲಾಬಿ ಹಾರ, ನೀಲಿ ಟಾರ್ಪಾಲು, ಕೆಂಪು ಕುರ್ಚಿ. ಆ ಬಣ್ಣಗಳ ನಡುವೆ ನಿಂತ ದುಃಖವನ್ನು ತೋರಿಸುವುದು ಕಷ್ಟ, ಹಾಗಾಗಿಯೇ ಅದು ಮಾಡಬೇಕಾದ ಕೆಲಸ. ಬೆಳಕಿನ ಬಣ್ಣವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 4500 ಕೆಲ್ವಿನ್‌ಗೆ ನಿಲ್ಲಿಸಿ. ಹಳೇ ಸೋಡಿಯಂ ದೀಪ ಉಳಿದಿರುವ ಬೀದಿ ಹಳದಿಯಾಗಿಯೇ, ಎಲ್‌ಇಡಿ ಬಂದ ಬೀದಿ ತಣ್ಣಗಿನ ಬಿಳಿಯಾಗಿಯೇ ಬರುತ್ತದೆ. ಎಡಿಟ್ ಮಾಡುವಾಗ ನೆರಳನ್ನು ಮೇಲೆತ್ತಬೇಡಿ. ಕಾಂಟ್ರಾಸ್ಟ್ ಸ್ವಲ್ಪ, ನೇರ ಮಾಡುವುದು, ಅಂಚು ಕತ್ತರಿಸುವುದು, ಇಷ್ಟು ಸಾಕು.

ವೀರಗಲ್ಲಿನಂತೆ ಜೋಡಿಸಿ

ಬೆಂಗಳೂರು ಎಂಬ ಹೆಸರು ಕಾಣುವ ಅತಿ ಹಳೆಯ ಶಾಸನ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿದೆ, ಸುಮಾರು ಕ್ರಿ.ಶ. 890ರದು. ಅದು ಸಾವಿನ ಶಾಸನ. ಬೆಂಗಳೂರು ಕಾಳಗದಲ್ಲಿ ಮಡಿದವರ ನೆನಪಿನದು. ಈ ಸರಣಿ ಮಾಡುವವರು ಒಮ್ಮೆ ಹೋಗಿ ನೋಡಬೇಕು. ಬೆಳಗಿನ ಓರೆ ಬಿಸಿಲಿನಲ್ಲಿ ಹೋದರೆ ಅಕ್ಷರಗಳು ಎದ್ದು ಕಾಣುತ್ತವೆ, ಹಿಟ್ಟು, ಸೀಮೆಸುಣ್ಣ ಸವರಿ ಕಲ್ಲು ಹಾಳು ಮಾಡಬೇಡಿ. ನಮ್ಮ ನಾಡಿನ ವೀರಗಲ್ಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಸತ್ತವನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ.

ಸರಣಿ ಜೋಡಿಸಲು ಇದು ಒಳ್ಳೆಯ ಚೌಕಟ್ಟು. ತೆಗೆದವುಗಳಲ್ಲಿ ನೂರನ್ನು ಆರಿಸಿ ಸ್ಟುಡಿಯೋದಲ್ಲಿ ಮ್ಯಾಕ್ಸಿ ಸೈಜಿಗೆ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಪರದೆಯಲ್ಲಿ ನೋಡಿ ಆರಿಸಿದರೆ ಹೊಳೆಯುವ ಚಿತ್ರವೇ ಗೆಲ್ಲುತ್ತದೆ. ಮೊದಲ ಗುಂಪಿಗೆ ದಿನದ ಜಂಜಾಟ: ಬಸ್ಸು, ಲಿಫ್ಟು, ದರ್ಶಿನಿ ಮೇಜು. ಎರಡನೆಯದಕ್ಕೆ ಸಾಗಿಸುವುದು, ಹೊರುವುದು: ಮೆರವಣಿಗೆಯ ಹೂವು, ಕುರ್ಚಿ ಎಣಿಸುವವರು, ಮಡಕೆ. ಮೂರನೆಯದಕ್ಕೆ ಉಳಿದದ್ದು: ಎಡೆ, ಮಾತ್ರೆ ಸ್ಟ್ರಿಪ್ಪು, ಬಣ್ಣ ಬಿಟ್ಟ ಫ್ಲೆಕ್ಸ್. ಮೂರೂ ಸೇರಿ ಇಪ್ಪತ್ತು ಮೀರದಿರಲಿ. ಒಂದೇ ಮಾತು ಹೇಳುವ ಎರಡು ಚಿತ್ರಗಳಿದ್ದರೆ ಹೆಚ್ಚು ಚೆಂದವಿರುವುದನ್ನೇ ತೆಗೆದುಹಾಕಿ ನೋಡಿ. ಎಷ್ಟೋ ಸಲ ಉಳಿದದ್ದಕ್ಕೆ ಬಲ ಬರುತ್ತದೆ. ದರ್ಶಿನಿಯ ಮೂರು ತಟ್ಟೆಯ ಚಿತ್ರದ ಎದುರು ಪುಟದಲ್ಲಿ ಎಡೆಯ ಒಂಟಿ ಎಲೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಹೀಗೆ ನೆಲದ ಮೇಲೆ ಸರಿಸಿ ಸರಿಸಿಯೇ ಕಂಡುಕೊಳ್ಳಬೇಕು.

ಅಡಿಬರಹಕ್ಕೆ ಜಾಗ ಮತ್ತು ತಿಂಗಳು ಸಾಕು: 'ಶ್ರೀರಾಂಪುರ, ಜುಲೈ'. "ನಗರದ ನಿಟ್ಟುಸಿರು" ಅಂತೆಲ್ಲ ಬರೆಯಬೇಡಿ.

ಗ್ಯಾಲರಿಯಲ್ಲೇ ತೋರಿಸಬೇಕೆಂದೇನಿಲ್ಲ. ಬಡಾವಣೆಯ ಗ್ರಂಥಾಲಯ, ಕಾಲೇಜಿನ ಮೊಗಸಾಲೆ, ಅಪಾರ್ಟ್‌ಮೆಂಟಿನ ಸಮುದಾಯ ಭವನ ಇಂಥ ಕಡೆ ತೂಗುಹಾಕಿದರೆ ಚಿತ್ರದಲ್ಲಿರುವಂಥವರೇ ಬಂದು ನೋಡುತ್ತಾರೆ. ತೋರಿಸುವ ಮೊದಲು, ಒಪ್ಪಿಗೆ ಕೊಟ್ಟವರೆಲ್ಲರ ಹತ್ತಿರ ಪ್ರಿಂಟ್ ಹಿಡಿದುಕೊಂಡು ಹೋಗಿ. ಅವರದೊಂದು ಪ್ರತಿ ಅವರಿಗೆ ಕೊಡಿ. ಬೇಡ ಅಂದರೆ ಕಾರಣ ಕೇಳದೆ ಆ ಚಿತ್ರವನ್ನು ಸರಣಿಯಿಂದ ತೆಗೆಯಿರಿ, ಆ ಜಾಗಕ್ಕೆ ನೂರರ ರಾಶಿಯಲ್ಲಿ ಇನ್ನೊಂದನ್ನು ಹುಡುಕಿ.